ಮೂರು ಪಿಎಚ್‌ಡಿ ಸೀಟು, ಒಂದು ಫ್ರೀಜರ್: ನನ್ನ ಅನುಭವ

2019ರ ಜೂನ್‌ನಲ್ಲಿ ನನ್ನ ಕೈಯಲ್ಲಿ ಮೂರು ಆಫರ್ ಇದ್ದವು. ಬಯೋಕೆಮಿಸ್ಟ್ರಿ, ಸೆಲ್ ಬಯಾಲಜಿ, ನ್ಯೂರೋಸೈನ್ಸ್. ಮೂರೂ ಬೆಂಗಳೂರಲ್ಲೇ. ಸಿಎಸ್‌ಐಆರ್ ಜೆಆರ್‌ಎಫ್ (ಸಂಶೋಧನೆಗೆ ಸರ್ಕಾರ ಕೊಡುವ ಫೆಲೋಶಿಪ್) ಕೂಡ ಆಗಿತ್ತು. ಕೇಳಿದವರೆಲ್ಲ ನ್ಯೂರೋ ಅಂದರು. ನಾನು ಲ್ಯಾಬ್ ಲ್ಯಾಬ್ ಸುತ್ತಿ ಫ್ರೀಜರ್ ನೋಡ್ತಿದ್ದೇನೆ ಅಂತ ಗೊತ್ತಾದಾಗ ಧಾರವಾಡದ ನಮ್ಮ ಮೇಷ್ಟ್ರು, "ಏನಪಾ, ನೀ ಪಿಎಚ್‌ಡಿ ಮಾಡಾಂವೋ, ಬಾಡಗಿ ಮನಿ ಹುಡುಕಾಂವೋ?" ಅಂತ ನಕ್ಕರು. ಬಯೋಕೆಮಿಸ್ಟ್ರಿಗೆ ಸೇರಿದೆ. ಐದು ವರ್ಷಕ್ಕೆ ಒಂದು ತಿಂಗಳು ಬಾಕಿ ಇರುವಾಗಲೇ ಥೀಸಿಸ್ ಕೊಟ್ಟೆ, ಅದೂ ನಡುವೆ ಕೊರೊನಾ ಬಂದು ಹೋದಮೇಲೆ.

ಅದಕ್ಕೂ ಮುಂಚೆ ಹೆಸರು ನೋಡಿ ಹೋಗಿ ಒಮ್ಮೆ ಕೆಟ್ಟಿದ್ದೆ. 2017ರಲ್ಲಿ ಒಂದು ನ್ಯೂರೋ ಲ್ಯಾಬಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಹದಿನಾಲ್ಕು ತಿಂಗಳು ಬರೀ ವೆಸ್ಟರ್ನ್ ಬ್ಲಾಟ್, ಅಂದರೆ ಆಂಟಿಬಾಡಿ ಹಾಕಿ ಪ್ರೋಟೀನು ಪತ್ತೆಹಚ್ಚುವ ಪರೀಕ್ಷೆ. ನೂರು ಮೈಕ್ರೋಲೀಟರ್ ಆಂಟಿಬಾಡಿಗೆ ಸುಮಾರು 38 ಸಾವಿರ, ನನ್ನ ಸಂಬಳ 16 ಸಾವಿರ, ಬ್ಲಾಟ್ ತುಂಬ ಬೇಡದ ಬ್ಯಾಂಡು. ಇಲಿಯ ಮೆದುಳು ನೋಡಿದ್ದು ಎರಡೇ ಸಲ! ಡಿಪಾರ್ಟ್‌ಮೆಂಟಿನ ಬೋರ್ಡು ಬೇರೆ ಬೇರೆ, ಒಳಗಿನ ಕೆಲಸ ಒಂದೇ ಅಂತ ಆಗ ಅರ್ಥವಾಯಿತು. ಕಪ್ಪೆ ಹಿಂದೆ ಘಟ್ಟ ಸುತ್ತಬೇಕು ಅನ್ನುವವರಿಗೆ ಈ ಮಾತು ಸಲ್ಲದು, ಅವರಿಗೆ ಡಿಪಾರ್ಟ್‌ಮೆಂಟ್ ನಿಜಕ್ಕೂ ಮುಖ್ಯ.

ಹಾಗಾಗಿ ಈ ಸಲ ಥೀಸಿಸ್‌ನಿಂದ ಶುರು ಮಾಡಿದೆ. ಶೋಧಗಂಗಾದಲ್ಲಿ (ಥೀಸಿಸ್‌ಗಳ ಆನ್‌ಲೈನ್ ಭಂಡಾರ) ಸಿಕ್ಕಷ್ಟು, ಉಳಿದದ್ದು ಲೈಬ್ರರಿಯಲ್ಲಿ ಕೂತು. ಒಂಬತ್ತು ಲ್ಯಾಬು, ನಲವತ್ತರ ಹತ್ತಿರ ಥೀಸಿಸ್. ಸೇರಿದ್ದು ಯಾವಾಗ, ಕೊಟ್ಟದ್ದು ಯಾವಾಗ, ಅಷ್ಟೇ ಎಕ್ಸೆಲ್‌ಗೆ ಹಾಕಿದೆ. ತಾರೀಕು ಸಿಗದಿದ್ದರೆ ಕೃತಜ್ಞತೆಯ ಪುಟ ಓದಿದರೆ ಸಾಕು, "ಈ ಏಳು ವರ್ಷಗಳಲ್ಲಿ" ಅಂತ ಪಾಪ ಅವರೇ ಬರೆದಿರುತ್ತಾರೆ. ಎಲ್ಲರೂ ಹೊಗಳಿದ ನ್ಯೂರೋ ಲ್ಯಾಬಲ್ಲಿ ಸರಾಸರಿ ಆರೂವರೆ ವರ್ಷ ಬಂತು. ಫೆಲೋಶಿಪ್ ಬರುವುದು ಐದೇ ವರ್ಷ. ಆಗ ಎಸ್‌ಆರ್‌ಎಫ್, ಅಂದರೆ ಮೂರನೇ ವರ್ಷದಿಂದ ಬರುವ ಫೆಲೋಶಿಪ್, ತಿಂಗಳಿಗೆ 35 ಸಾವಿರ ಇತ್ತು (42 ಆಗಿದ್ದು 2023ರಲ್ಲಿ), ಹದಿನೆಂಟು ತಿಂಗಳಿಗೆ ಲೆಕ್ಕ ಹಾಕಿದರೆ ಆರು ಲಕ್ಷ ಮೂವತ್ತು ಸಾವಿರ ಕೈಬಿಟ್ಟ ಹಾಗೆ. ಇದನ್ನು ಅಪ್ಪನಿಗೆ ತೋರಿಸಿದ ದಿನವೇ ಮನೆಯಲ್ಲಿ ನ್ಯೂರೋ ಮಾತು ನಿಂತಿತು. ಬರುವ ದುಡ್ಡೂ ಹೊತ್ತಿಗೆ ಬರಲ್ಲ, ನನಗೆ ಒಮ್ಮೆ ಐದು ತಿಂಗಳು ಬಂದಿರಲಿಲ್ಲ. ಆವಾಗ ಮೆಸ್ ಬಿಲ್ ಯಾರು ಕಟ್ಟುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಆಮೇಲೆ ಫ್ರೀಜರ್. ಲ್ಯಾಬ್ ನೋಡಲು ಬೆಂಗಳೂರಿಗೆ ಹೋಗಿಬರಲು ರೈಲು, ಊಟ, ಲಾಡ್ಜು ಸೇರಿ ಮೂರು ಸಲಕ್ಕೆ ಒಂಬತ್ತು ಸಾವಿರ ಖರ್ಚಾಯಿತು. ಮೊದಲ ಸಲ ಹೋದಾಗ ಪಿಐಗಳನ್ನೇ (ಲ್ಯಾಬಿನ ಮುಖ್ಯಸ್ಥರು) "ಎಷ್ಟು ವರ್ಷ ಹಿಡಿಯುತ್ತೆ ಸರ್?" ಅಂತ ಕೇಳಿದ್ದೆ. "ಅದು ನಿನ್ನ ಕೈಯಲ್ಲಿದೆ" ಅಂದರು, ಅಲ್ಲಿಗೆ ಮುಗೀತು. ಎರಡನೇ ಸಲದಿಂದ ಸೀನಿಯರ್‌ಗಳನ್ನು ಹಿಡಿದು ಮೈನಸ್ ಎಂಬತ್ತು (ಸ್ಯಾಂಪಲ್ ಇಡುವ -80 ಡಿಗ್ರಿ ಫ್ರೀಜರ್) ತೋರಿಸಿ ಅಂದೆ. ಒಂದು ಕಡೆ ಮೂರನೇ ರ‍್ಯಾಕಿನಲ್ಲಿ ಮಂಜು ಕಟ್ಟಿದ ನಾಲ್ಕು ಡಬ್ಬಿ, ನಾಲ್ಕಕ್ಕೂ ಮಾರ್ಕರ್‌ನಲ್ಲಿ ಒಂದೇ ಹೆಸರು. ಯಾರಿದು ಅಂದರೆ, "ಪಿಎಚ್‌ಡಿ ಬಿಟ್ಟು ಹೋದರು." ಕೆಳಗೆ ಇನ್ನಿಬ್ಬರದು. ನಾನು ಸೇರಿದ ಲ್ಯಾಬಲ್ಲಿ ಬಾಗಿಲಿಗೇ ಡಬ್ಬಿಗಳ ನಕ್ಷೆ ಅಂಟಿಸಿದ್ದರು, ಹೋದವರ ಸ್ಯಾಂಪಲ್ ಮುಂದೆ ಯಾರದು ಅಂತ ಬರೆದಿತ್ತು.

ನಾಲ್ಕನೇ ವರ್ಷದವರಿಗೆ ಕ್ಯಾಂಟೀನಲ್ಲಿ ಕೇಳುವ ಪ್ರಶ್ನೆ ಒಂದಿದೆ. ಇಲ್ಲಿ ಬರೆಯಲ್ಲ. ಬರೆದರೆ ಎಲ್ಲರೂ ಉತ್ತರ ರೆಡಿ ಮಾಡಿಟ್ಟುಕೊಳ್ಳುತ್ತಾರೆ.

ನಡುವೆ ಸುಮ್ನೆ ಒಂದು ಹುಚ್ಚೂ ಮಾಡಿದೆ. ಥೀಸಿಸ್ ಶೀರ್ಷಿಕೆಗಳನ್ನೆಲ್ಲ ಆರ್‌ಗೆ (R ಅನ್ನುವ ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ) ಹಾಕಿ ಮೂರೂ ಪ್ರೋಗ್ರಾಂ ಬೇರೆ ಬೇರೆ ಗುಂಪಾಗುತ್ತವಾ ನೋಡಿದೆ. ಎರಡು ವೀಕೆಂಡ್ ಹೋಯ್ತು, ಎಲ್ಲಾ ಒಂದೇ ಮುದ್ದೆ. ಆದರೆ ಕಲಿತ ಆರ್ ನನ್ನ ಮೂರನೇ ಚಾಪ್ಟರ್ ಉಳಿಸಿತು.

ಹೋದ ತಿಂಗಳು ಊರಿನ ಜೂನಿಯರ್ ಒಬ್ಬಳು ಎರಡು ಆಫರ್ ಹಿಡಿದು ಫೋನ್ ಮಾಡಿದ್ದಳು. ಎಕ್ಸೆಲ್ ಕಳಿಸಿದೆ. ಹೊಸ ಥೀಸಿಸ್‌ಗಳನ್ನೂ ಸೇರಿಸಿ ವಾಪಸ್ ಕಳಿಸಿದ್ದಾಳೆ. ನಮ್ಮ ಲ್ಯಾಬಿನ ಸರಾಸರಿ ಈಗ ಆರು ವರ್ಷ ದಾಟಿದೆಯಂತೆ, ಕೆಂಪು ಬಣ್ಣ ಹಾಕಿದ್ದಾಳೆ.