ಬಸ್ಸಿನಲ್ಲಿ ಮಾಡಿದ ರ‍್ಯಾಂಕ್ ಲಿಸ್ಟ್

2018ರ ಚಳಿಗಾಲ. ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ಡಾಕ್ಟರಾದ ಮೇಲೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪಡೆಯುವ ತರಬೇತಿ) ನನಗೆ 11 ಇಂಟರ್‌ವ್ಯೂ ಸಿಕ್ಕಿತ್ತು. ಎಲ್ಲ ಮುಗಿದ ಮೇಲೆ ಆಸ್ಪತ್ರೆಗಳನ್ನು ನಮ್ಮ ಇಷ್ಟದ ಕ್ರಮದಲ್ಲಿ ಬರೆದು ಕೊಡಬೇಕು, ಅವರೂ ನಮ್ಮನ್ನು ಹಾಗೇ ಬರೆಯುತ್ತಾರೆ; ಎರಡನ್ನೂ ತಾಳೆ ನೋಡಿ ಸೀಟು ಕೊಡುತ್ತಾರೆ. ಆಯಾ ದಿನ ಕಂಡದ್ದನ್ನು ನೋಡಿಯೇ ರ‍್ಯಾಂಕ್ ಲಿಸ್ಟ್ ಹಾಕ್ತೀನಿ ಎಂದಾಗ ನಮ್ಮ ಕಾಲೇಜಿನ ಸೀನಿಯರ್ ನಕ್ಕುಬಿಟ್ಟರು. "ಹೆಸರು ನೋಡಿ ಹಾಕೋ ಮಾರಾಯ, ಪಿಜ್ಜಾ ನೋಡಿ ಹಾಕ್ತೀಯಾ?"

ಮೊದಲ ನಾಲ್ಕು ಶುದ್ಧ ವೇಸ್ಟ್. ನಾನು ಚೆನ್ನಾಗಿ ಕಾಣಬೇಕು ಅನ್ನೋ ಗಡಿಬಿಡಿಯಲ್ಲಿ ಅವರನ್ನು ನೋಡಲೇ ಇಲ್ಲ. ಎಕ್ಸೆಲ್ ಶೀಟ್ ಮಾಡಿ ಅಂಕ ಕೊಟ್ಟೆ. ಅದೂ ಕೈಕೊಟ್ಟಿತು. ವಾರ ಬಿಟ್ಟು ತುಂಬಿದರೆ ಎಲ್ಲದಕ್ಕೂ ಹತ್ತಕ್ಕೆ ಏಳು! ನೈಟ್ ಫ್ಲೋಟ್ (ಸತತ ರಾತ್ರಿ ಪಾಳಿ) ಎರಡು ವಾರ ಎಂದವರು ಓಹಾಯೋದವರೋ ಮಿಶಿಗನ್ನಿನವರೋ, ನೆನಪೇ ಇಲ್ಲ.

ಐದನೆಯದರಿಂದ ದಾರಿ ಬದಲಿಸಿದೆ. ವಾಪಸ್ ಬಸ್ ಹತ್ತಿದ ಕೂಡಲೇ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳುವುದು. ಕನ್ನಡದಲ್ಲೇ. ಎಷ್ಟು ಬೈದರೂ ಪಕ್ಕದ ಸೀಟಿನವನಿಗೆ ತಿಳಿಯಲ್ಲ. ಫೆಬ್ರವರಿಯಲ್ಲಿ ಒಂದೇ ರಾತ್ರಿ ಕೂತು ಎಲ್ಲವನ್ನೂ ಕೇಳಿದೆ. ದನಿಯಲ್ಲೇ ಗೊತ್ತಾಗುತ್ತಿತ್ತು.

ದೊಡ್ಡ ಹೆಸರಿನ ಒಂದು ಕಡೆ, ಇಂಟರ್‌ವ್ಯೂ ಹಿಂದಿನ ರಾತ್ರಿ ನಮ್ಮ ಜೊತೆ ಊಟಕ್ಕೆ ಬಂದವರು ರೆಸಿಡೆಂಟ್‌ಗಳ ಮುಂದಾಳುಗಳಾದ ಇಬ್ಬರು ಚೀಫ್ ರೆಸಿಡೆಂಟ್‌ಗಳು ಮಾತ್ರ. ರಾತ್ರಿ ಡ್ಯೂಟಿ ಬಗ್ಗೆ ಕೇಳಿದಾಗಲೆಲ್ಲ ಮುಖ ಮುಖ ನೋಡಿಕೊಂಡರು. ರೆಕಾರ್ಡಿಂಗಿನಲ್ಲಿ ನಾನು ಮೂರು ಸಲ "ಚೆನ್ನಾಗಿತ್ತು" ಅಂದಿದ್ದೆ, ಒಂದರಲ್ಲೂ ಜೀವ ಇಲ್ಲ. ಆರನೇ ನಂಬರ್. ಇನ್ನೊಂದು ಸಣ್ಣ ಆಸ್ಪತ್ರೆ. ಪ್ರೊಜೆಕ್ಟರ್ ಕೆಟ್ಟಿತ್ತು. ನೈಟ್ ಮುಗಿಸಿ ಬಂದ ಇಂಟರ್ನ್ (ಮೊದಲ ವರ್ಷದ ರೆಸಿಡೆಂಟ್) ಪಿಜ್ಜಾ ತಿನ್ನುತ್ತಲೇ ನಮ್ಮೆದುರು ತನ್ನ ಸೀನಿಯರ್ ರೆಸಿಡೆಂಟ್ ಜೊತೆ ರಜೆಗೆ ಜಗಳ ತೆಗೆದ. ಅವಳೇ ಸೋತು ನಕ್ಕಳು. ಹೆದರಿಕೆ ಇರುವ ಕಡೆ ಹೀಗೆ ಜಗಳ ಆಗಲ್ಲ, ಅಲ್ವಾ? ಅವತ್ತಿನ ರೆಕಾರ್ಡಿಂಗ್ 14 ನಿಮಿಷ. ಅದೇ ಒಂದನೇ ನಂಬರ್.

ಮತ್ತೊಂದು ಕಡೆ ವೆಬ್‌ಸೈಟಿನಲ್ಲಿ ಎಚ್-1ಬಿ (ಕೆಲಸದ ವೀಸಾ) ಕೊಡ್ತೀವಿ ಅಂತಿತ್ತು. ಹೋದ ಮೇಲೆ "ಈ ವರ್ಷ ಜೆ-1 (ಎಕ್ಸ್‌ಚೇಂಜ್ ವೀಸಾ) ಮಾತ್ರ" ಎಂದರು. ಎಚ್-1ಬಿಗೆಂದೇ ಒದ್ದಾಡಿ ಲೈಸೆನ್ಸ್ ಪರೀಕ್ಷೆಯ ಕೊನೆಯ ಹಂತ ಸ್ಟೆಪ್ 3 ಮುಗಿಸಿದ್ದೆ. ಆ ರೆಕಾರ್ಡಿಂಗ್ ಯಾರಿಗೂ ಕೇಳಿಸುವಂಥದ್ದಲ್ಲ. ಮೊದಲ ನಾಲ್ಕನ್ನು ಅವರು ಕೊಟ್ಟ ಕಾಫಿ ಮಗ್ ನೋಡಿಕೊಂಡು ಊಹೆಯಲ್ಲೇ ಕೆಳಗೆ ಹಾಕಿದೆ.

ಒಂದು ಕಡೆ ಸಂಜೆ ಏಳಕ್ಕೆ, ಡ್ಯೂಟಿ ಬದಲಾಗುವ ಹೊತ್ತಿಗೆ, ಸುಮ್ನೆ ಕ್ಯಾಂಟೀನಿನಲ್ಲಿ ಕೂತು ನೋಡುವ ಪ್ರಯೋಗವನ್ನೂ ಮಾಡಿದೆ. ಸೆಕ್ಯುರಿಟಿಯವನು ಎರಡು ಸಲ ಬಂದು ವಿಚಾರಿಸಿದ. ಅದಕ್ಕೆಂದು ಉಳಿದ ಹೋಟೆಲ್ ಬಾಡಿಗೆ 90 ಡಾಲರ್ ದಂಡವಾಯಿತು.

ಒಟ್ಟು ಖರ್ಚು ಸುಮಾರು 6,500 ಡಾಲರ್, ಆಗಿನ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿ. ಅಪ್ಪ ಚೀಟಿ ಎತ್ತಿ ಕಳಿಸಿದ ದುಡ್ಡು. ಹಿಮ ಬಿದ್ದು ಫ್ಲೈಟ್ ರದ್ದಾದ ಒಂದೇ ದಿನ 400 ಡಾಲರ್ ಹೋಯಿತು.

2019ರ ಮಾರ್ಚ್ 15ಕ್ಕೆ ಯಾವ ಆಸ್ಪತ್ರೆ ಸಿಕ್ಕಿತು ಎಂಬ ಇಮೇಲ್ ಬಂತು. ಒಂದನೇ ನಂಬರೇ. ಮೂರು ವರ್ಷ ಅಲ್ಲೇ ಕಳೆದೆ, ಒಂದು ದಿನವೂ ತಪ್ಪು ಮಾಡಿದೆ ಅನ್ನಿಸಲಿಲ್ಲ. ಸೀನಿಯರ್ ಈಗಲೂ ಅದೃಷ್ಟ ಅಂತಾರೆ. ಊಟದ ಟೇಬಲ್ಲಿನಲ್ಲಿ ನಾನು ಎಲ್ಲ ಕಡೆ ಕೇಳುತ್ತಿದ್ದ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬರೆದರೆ ಎಲ್ಲರೂ ಉತ್ತರ ರೆಡಿ ಇಟ್ಟುಕೊಳ್ತಾರೆ.

2020ರಿಂದ ಹೆಚ್ಚಿನ ಇಂಟರ್‌ವ್ಯೂಗಳೆಲ್ಲ ವಿಡಿಯೋದಲ್ಲೇ. ನನ್ನ ಚಿಕ್ಕಪ್ಪನ ಮಗಳು ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಇದೇ ರೀತಿ ರೆಕಾರ್ಡ್ ಮಾಡಿದಳು. ಓಡಾಟದ ಖರ್ಚು ಸೊನ್ನೆ. ಕೊಂಡದ್ದು ಒಂದು ಬ್ಲೇಜರ್, ಕೆಳಗೆ ಪೈಜಾಮ.