ಕಡಲ ತೀರದ ಹಳೆಯ ಮನೆಯ ಜಗಲಿಗೆ ಗಾಜು ಹಾಕಿಸುವ ಮುನ್ನ

ಉಡುಪಿ, ಮಂಗಳೂರು ಕಡೆಯ ಹಳೆಯ ಹೆಂಚಿನ ಮನೆಗಳ ಜಗಲಿಯನ್ನು ಗಾಜಿನಿಂದ ಮುಚ್ಚಿಸಿ ಬೆಳಕಿನ ಕೋಣೆ ಮಾಡಿಕೊಳ್ಳಬೇಕೆಂದಿರುವವರು, ಅಳತೆ ಕೊಡುವ ಮೊದಲು ಮಾಡಿನ ಪಕ್ಕಾಸುಗಳ (ಹೆಂಚನ್ನು ಹೊರುವ ಓರೆ ಮರಗಳ) ತುದಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕೆಂದು ವಿನಂತಿ. ಮರ ಒಳಗಿಳಿದರೆ ಮೊದಲು ಅದನ್ನು ಬದಲಿಸಿ. ಮಾಡಿನ ಭಾರ ಯಾವ ಕಾರಣಕ್ಕೂ ಗಾಜಿನ ಚೌಕಟ್ಟಿನ ಮೇಲೆ ಕೂರಬಾರದು.

ಉಪ್ಪುಗಾಳಿಯ ವಿಷಯದಲ್ಲಿ ಉಳಿತಾಯ ಬೇಡ. ನಮ್ಮ ಮನೆಯಲ್ಲಿ ಸಾಮಾನ್ಯ ಕಬ್ಬಿಣದ ಸ್ಕ್ರೂ ಬಳಸಿದ್ದರಿಂದ, ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ತುಕ್ಕಿನ ಕಂದು ಗೆರೆಗಳು ಇಳಿದು, ಸ್ಕ್ರೂಗಳ ಸುತ್ತ ಬಿಳಿಯ ಪುಡಿ ಎದ್ದಿತ್ತು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗಿಂತ ಮಾಲಿಬ್ಡಿನಮ್ ಎಂಬ ಲೋಹ ಬೆರೆತ 316 ದರ್ಜೆಯದು ಉಪ್ಪನ್ನು ಹೆಚ್ಚು ತಾಳುತ್ತದೆ. ಅದನ್ನೇ ಕೇಳಿ, ಸ್ಕ್ರೂ ಮತ್ತು ಚೌಕಟ್ಟಿನ ನಡುವೆ ನೈಲಾನ್ ವಾಷರ್ ಹಾಕಿಸಿ.

ಕೆಂಪುಕಲ್ಲಿನ ಗೋಡೆ ನೀರನ್ನು ಹೀರಿ ಮತ್ತೆ ಗಾಳಿಗೆ ಬಿಡುವ ಸ್ವಭಾವದ್ದಾದ್ದರಿಂದ, ಒಳಬದಿಗೆ ದಪ್ಪ ಸಿಮೆಂಟ್ ಗಾರೆ ಬಳಿಸಿ ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಸುಣ್ಣದ ಗಾರೆಯೇ ಮೇಲು. ಎದುರುಬದುರಾಗಿ ತೆರೆಯುವ ಕಿಟಕಿಗಳಿರಲಿ, ಪಡುವಣ ಬದಿಯ ಗಾಜಿನ ಮೇಲೆ ಎರಡಡಿಯಷ್ಟಾದರೂ ಮಾಡು ಚಾಚಿರಲಿ. ಇಲ್ಲವಾದರೆ ಏಪ್ರಿಲ್ ತಿಂಗಳ ಸಂಜೆ ಅಲ್ಲಿ ಕುಳಿತಿರಲಾಗದು.

ಜಾರುಕಿಟಕಿಯ ಹಳಿಯಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರಗಳಿರುತ್ತವೆ. ಕೆಲಸ ಮುಗಿದ ದಿನವೇ ಒಂದು ಚೊಂಬು ನೀರು ಸುರಿದು, ಅದು ಹೊರಗೆ ಹರಿಯುವುದನ್ನು ಕಂಡ ಬಳಿಕವೇ ಬಾಕಿ ಹಣ ಕೊಡಿ.