ಸಿಮ್ಯುಲೇಟರ್‌ನಲ್ಲಿ ಕಣ್ಣಳತೆಯ ಲ್ಯಾಂಡಿಂಗ್ ಸರಿಹೋದದ್ದು ಹೀಗೆ

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಇಳಿಸುವಾಗ ಪ್ರತಿ ಸಲ ರನ್‌ವೇ ಅರ್ಧ ದಾಟಿದ ಮೇಲೇ ಚಕ್ರ ನೆಲ ಮುಟ್ಟುತ್ತಿತ್ತು. ಐಎಲ್‌ಎಸ್ (ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರಿಸುವ ವ್ಯವಸ್ಥೆ) ಇದ್ದರೆ ಪರವಾಗಿಲ್ಲ, ಬರೀ ಕಣ್ಣಳತೆ ಅಂದರೆ ತಾಪತ್ರಯ.

ಮೊದಲು ಸರಿಮಾಡಿದ್ದು ಕ್ಯಾಮೆರಾ. ಸೀಟು ತಗ್ಗಿನಲ್ಲಿದ್ದರೆ ರನ್‌ವೇ ಕಾಣುವುದೇ ಇಲ್ಲ, ಅದಕ್ಕೆ ಸ್ವಲ್ಪ ಮೇಲೆತ್ತಿ, ಝೂಮ್ ಒಂದೇ ಅಳತೆಗೆ ನಿಲ್ಲಿಸಿ ಸೇವ್ ಮಾಡಿದೆ.

ನಿಜವಾಗಿ ಕೆಲಸ ಮಾಡಿದ್ದು ಮಾತ್ರ ಇದು: ರನ್‌ವೇ ಮೇಲೆ ಎರಡು ದಪ್ಪ ಬಿಳಿ ಪಟ್ಟಿ ಇರುತ್ತವಲ್ಲ, ಅವನ್ನೇ ಗುರಿ ಮಾಡಿಕೊಂಡು, ಮುಂದಿನ ಗಾಜಿನಲ್ಲಿ ಅವು ಎತ್ತ ಸರಿಯುತ್ತಿವೆ ಅಂತ ನೋಡುವುದು. ಮೇಲಕ್ಕೆ ಸರಿದರೆ ನಾವು ಮೊದಲೇ ನೆಲ ಮುಟ್ಟುತ್ತೇವೆ, ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಸ್ವಲ್ಪ ಹೆಚ್ಚಿಸಬೇಕು. ಕೆಳಕ್ಕೆ ಜಾರಿ ಮೂತಿಯ ಅಡಿ ಹೋಗುತ್ತಿದ್ದರೆ ದಾಟಿ ಹೋಗುತ್ತೇವೆ, ಥ್ರಾಟಲ್ ಇಳಿಸಬೇಕು. ಅಲ್ಲೇ ನಿಂತು ದೊಡ್ಡದಾಗುತ್ತಾ ಬಂದರೆ ದಾರಿ ಸರಿಯಿದೆ. ವೇಗವನ್ನು ಮೂತಿ ಏರಿಸಿ ಇಳಿಸಿ 65 ನಾಟ್ಸ್ ಹತ್ತಿರ ಹಿಡಿಯುತ್ತೇನೆ, ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಫ್ಲಾಪ್ಸ್ ಪೂರ್ತಿ ಇಳಿಸಿರುತ್ತೇನೆ. ಗಾಳಿ ಇಲ್ಲದಿದ್ದರೆ ನಾಟ್ಸ್‌ನಲ್ಲಿರುವ ಆ ವೇಗದ ಅಂಕಿಯ 5 ಪಟ್ಟು, ಅಂದರೆ ನಿಮಿಷಕ್ಕೆ ಸುಮಾರು 325 ಅಡಿ ಇಳಿದರೆ 3 ಡಿಗ್ರಿ ಇಳಿಜಾರು ಸಿಗುತ್ತದೆ. ರನ್‌ವೇ ಪಕ್ಕದಲ್ಲಿ ಇಳಿಜಾರು ಸರಿಯಿದೆಯಾ ಅಂತ ತೋರಿಸುವ ಪಾಪಿ (PAPI) ದೀಪ ಇದ್ದರೆ ಎರಡು ಬಿಳಿ, ಎರಡು ಕೆಂಪು ಕಾಣಬೇಕು. ಆದರೆ ಸುಮ್ನೆ ಅದನ್ನೇ ನೋಡುತ್ತಾ ಕೂತರೆ ಕಣ್ಣು ಪಳಗುವುದಿಲ್ಲ, ಅಲ್ವಾ?

ನೆಲ ಹತ್ತಿರವಾದಾಗ ನೋಟ ರನ್‌ವೇಯ ಆ ತುದಿಗೆ ಹೋಗಬೇಕು. ಥ್ರಾಟಲ್ ಪೂರ್ತಿ ಇಳಿಸಿ ಮೂತಿ ಮೆಲ್ಲಗೆ ಎತ್ತಿದರೆ ಪಟ್ಟಿಯಿಂದ ಸ್ವಲ್ಪ ಮುಂದೆ ಚಕ್ರ ಕೂರುತ್ತವೆ. 70 ನಾಟ್ಸ್ ಮೀರಿ ಬಂದರೆ ಈಗ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುವುದು) ಮಾಡಿಬಿಡುತ್ತೇನೆ, ವೇಗ ಜಾಸ್ತಿ ಇದ್ದರೆ ವಿಮಾನ ತೇಲುತ್ತಲೇ ಇರುತ್ತದೆ.